ತಮ್ಮ ಕೆತ್ತಿದ ಕೋಲಾಟದ ಗೊಂಬೆ

ಎರಡು ವರ್ಷದ ಹಿಂದಿನ ಮಾತು, ಮಾವಿನ ಸುಗ್ಗಿ ಮುಗಿಯುತ್ತಾ ಬಂದಿತ್ತು. ಆಂಧ್ರ ಗಡಿಯ ನಮ್ಮೂರು ರಾಯಲ್ಪಾಡಿನಿಂದ ಬಸ್ಸು ಹತ್ತಿ ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. ಅದು ಯಾವೂರು ಅಂತ ಹೇಳೋದು ಬೇಡ. ಪುಸ್ತಕಕ್ಕೆ ಹೋಗಿದ್ದಲ್ಲ. ಅಲ್ಲಿನ ಗಾಜಿನ ಬೀರುವಿನಲ್ಲಿ ನನ್ನ ತಮ್ಮ ಸೀನ ಕೆತ್ತಿದ ಗೊಂಬೆ ಇತ್ತು. ಮಾವಿನ ಮರದ್ದು, ಮೊಳದುದ್ದ, ಕೋಲಾಟ ಆಡುವ ಹೆಂಗಸು. ಮುಖ ಥೇಟ್ ನಮ್ಮಮ್ಮಂದೇ.

ಸೀನ ಬೈಕ್ ಅಪಘಾತದಲ್ಲಿ ಹೋದ ಮೇಲೆ ಅಪ್ಪ ಮನೆಯಲ್ಲಿದ್ದ ಅವನ ಗೊಂಬೆಗಳನ್ನೆಲ್ಲ ಹಂಡೆ ಒಲೆಗೆ ಹಾಕಿಬಿಟ್ಟರು. "ನೋಡಕ್ಕಾಗಲ್ಲ ಕಣಮ್ಮ" ಅಂದರು, ಅಷ್ಟೇ. ಅವನೇ ಹಿಂದೆ ಗ್ರಂಥಾಲಯಕ್ಕೆ ಕೊಟ್ಟಿದ್ದ ಇದೊಂದು ಉಳಿದಿತ್ತು.

ಆ ದಿನ ನೋಡಿದರೆ ಗೊಂಬೆಯ ಕಾಲ ಬಳಿ ಹಿಟ್ಟಿನಂಥ ಹುಡಿ ಬಿದ್ದಿತ್ತು. ಹುಳ ಹಿಡಿದಿದೆ ಅಂತ ಗೊತ್ತಾಯಿತು. ಅಲ್ಲಿದ್ದ ನೌಕರರೊಬ್ಬರನ್ನು ಕೇಳಿದೆ, "ಸಾರ್, ಬೀರು ತೆಗೀರಿ. ಬೇವಿನೆಣ್ಣೆ ಹಚ್ಚಿ ಕೊಡ್ತೀನಿ."

"ಬೀಗದ ಕೈ ಇಲ್ಲಮ್ಮ. ಹಿಂದಿದ್ದವರಿಗೆ ಟ್ರಾನ್ಸ್‌ಫರ್ ಆಯ್ತು, ಅದೆಲ್ಲಿಟ್ರೋ ಗೊತ್ತಿಲ್ಲ. ಒಡೆಯೋಕೆ ಮೇಲಿನಿಂದ ಆರ್ಡರ್ ಬರ್ಬೇಕು."

ಆಮೇಲೆ ಸುಮಾರು ಸಲ ಅಲೆದೆ. ಹೋದಾಗೆಲ್ಲ ಹುಡಿ ಜಾಸ್ತಿಯಾಗಿರುತ್ತಿತ್ತು. ಗಾಜಿನೀಚೆ ನಿಂತು ನೋಡೋದು ಬಿಟ್ಟು ಇನ್ನೇನೂ ಮಾಡೋ ಹಾಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಗ್ರಂಥಾಲಯದಿಂದ ಫೋನ್ ಬಂತು, ಆರ್ಡರ್ ಬಂದಿದೆ, ಗೊಂಬೆ ತಗೊಂಡು ಹೋಗಿ ಅಂತ. ಅಮ್ಮ ತನ್ನ ಹಳೇ ಸೀರೆ ಹರಿದು, ಸುತ್ತಿಕೊಂಡು ಬರೋಕೆ ಒಂದು ತುಂಡು ಕೊಟ್ಟಳು. "ವಾಡು ಚೇಸಿಂದಿ ಅದೊಕ್ಕಟೇ ಉಂಡೇದಿ" ಅಂದಳು. ಅವನು ಮಾಡಿದ್ದು ಅದೊಂದೇ ಇರೋದು ಅಂತ. ಸೀನನ ಮಾತು ಬಂದರೆ ಅಮ್ಮನಿಗೆ ಎಷ್ಟೋ ಸಲ ತೆಲುಗೇ ಬರುತ್ತೆ.

ಬೀಗ ಒಡೆದರು. ಗೊಂಬೆ ನೆಟ್ಟಗೇ ನಿಂತಿತ್ತು. ದೇವರೇ, ಉಳೀತು ಅಂದುಕೊಂಡು ಎರಡೂ ಕೈಯಲ್ಲಿ ಎತ್ತಿದೆ. ಬೆರಳು ಒಳಕ್ಕೆ ಇಳಿದುಬಿಟ್ಟವು. ಸೊಂಟ ಮುರಿಯಿತು. ನಾನು ಹಿಡಿಯುವಷ್ಟರಲ್ಲಿ ತಲೆಯೂ ಕುಸಿಯಿತು. ಒಳಗೆಲ್ಲ ಬರೀ ಹುಡಿ.

"ಮೆಲ್ಲಗೆ ಎತ್ತಬೇಕಿತ್ತಮ್ಮ" ಅಂದರು ಆ ನೌಕರರು.

ನೆಲದಲ್ಲಿ ಬಿದ್ದದ್ದನ್ನೆಲ್ಲ ಬಾಚಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಳು ಬರಲಿಲ್ಲ. ಅಮ್ಮನಿಗೆ ಏನು ಹೇಳಲಿ ಅನ್ನೋದೇ ಆಗಿತ್ತು.

ಹೇಳೋಕೆ ಮೊದಲೇ ಅಮ್ಮ ಗಂಟು ಬಿಚ್ಚಿದಳು. "ಮುಖ ಎಲ್ಲೇ?" ಅಂದಳು. ಅವಳು ಆ ಹುಡಿಯೊಳಗೆ ಬೆರಳಾಡಿಸುತ್ತಾ ಹುಡುಕುತ್ತಲೇ ಇದ್ದಳು.

ಈಗಲೂ ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯೋಕೆ ಕೂತರೆ ನಾನು ಎದ್ದು ಆಚೆ ಹೋಗಿಬಿಡ್ತೀನಿ.