ಬಂಡವಾಳ ಯಾರದು?

ನಾಸಿಕದ ದೊಡ್ಡ ಅಂಗಡಿಯವರು ನನ್ನ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ವರ್ಷವಿಡೀ ಕೊಳ್ಳುತ್ತೇವೆ ಎಂದಾಗ ನನಗೆ ಸ್ವರ್ಗ ಮೂರೇ ಗೇಣು. ಅಲ್ಲಿಯವರೆಗೆ ದೇವಳಾಲಿ ಕ್ಯಾಂಪಿನ ಸಿಪಾಯಿಗಳ ಮನೆಗಳಿಗಷ್ಟೇ ನನ್ನ ವ್ಯಾಪಾರ. ಈಗ ಅಂಗಡಿಗೆ ನೋಂದಣಿ ಬೇಕಂತೆ. ಯಾರ ಹೆಸರಲ್ಲಿ? ನನಗೆ ನನ್ನ ಹೆಸರೇ ಬೇಕಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಗಂಡ ಸಂಭಾಜಿನಗರದ ಕಾರ್ಖಾನೆಯಲ್ಲಿ ನೌಕರ, ವಾರಕ್ಕೊಮ್ಮೆ ಮನೆಗೆ ಬರುವವರು. ಅಲ್ಲಿ ನಮ್ಮ ಬೀದರಿನವರೇ ಆದ ತೆರಿಗೆ ಸಲಹೆಗಾರರೊಬ್ಬರಿದ್ದರು. ಇಳಕಲ್ ಸೀರೆ ಉಟ್ಟು, ಒಂದು ಕಟ್ಟು ರೊಟ್ಟಿ ಹಿಡಿದು ಬಸ್ಸು ಹತ್ತಿದೆ; ಅಲ್ಲಿ ಇಳಿದಾಗ ಇವರೂ ಜೊತೆಯಾದರು.

ಸಲಹೆಗಾರರು ರೊಟ್ಟಿ ಮುರಿಯುತ್ತಲೇ ವಿವರಿಸಿದರು. "ಇಬ್ಬರೂ ಪಾರ್ಟ್‌ನರ್ ಆದ್ರ ಫರ್ಮಿನ ಲಾಭಕ್ಕ ಮೊದಲ ರೂಪಾಯಿಂದನೇ ಟ್ಯಾಕ್ಸ್. ಸಾಹೇಬ್ರ ಹೆಸರಿಗಿ ಮಾಡಿದ್ರ ಅವ್ರ ಪಗಾರಕ್ಕ ಕೂಡ್ತದ. ಅಕ್ಕೋರ, ನಿಮ್ಮೊಬ್ಬರ ಹೆಸರಿಗೇ ಚಲೋ."

ಕುರ್ಚಿಯಲ್ಲೇ ಕುಣಿಯುವಷ್ಟು ಖುಷಿಯಾಯಿತು.

"ಆದ್ರ ಬಂಡವಾಳ ಯಾರದ್ರಿ? ಗಂಡ ಕೊಟ್ಟಿದ್ರ ಲಾಭ ಮತ್ತ ಅವ್ರ ಲೆಕ್ಕಕ್ಕೇ ಹೋಗ್ತದ."

ಒಲೆ, ಹಿಟ್ಟಿನ ಗಿರಣಿ ಎಲ್ಲ ಬಂದದ್ದು ಅವ್ವ ಕೊಟ್ಟ ಚಿನ್ನದ ಪಾಟ್ಲಿ ಬಳೆ ಮಾರಿ. ಆದರೆ ಹೆಂಡತಿಯ ತವರಿನ ಬಂಗಾರ ಕರಗಿಸಿದರೆಂದರೆ ನಮ್ಮಲ್ಲಿ ಗಂಡಸಿಗೆ ಅವಮಾನ. ಅದಕ್ಕೇ ನೆಂಟರಿಷ್ಟರಿಗೆಲ್ಲ 'ರೊಕ್ಕ ನಾನೇ ಹಾಕೀನಿ' ಎಂದು ಇವರು ಹೇಳುವುದು, ನಾನು ತಲೆಯಾಡಿಸುವುದು. ಇವರ ಮೀಸೆ ಮಣ್ಣಾಗದಂತೆ ಕಾಯ್ದವಳೇ ನಾನು; ಇಂದು ಆ ಮೀಸೆಯೇ ನನ್ನ ಅಂಗಡಿಯನ್ನು ನುಂಗುವಂತಿತ್ತು. ಸಿಟ್ಟು ಉಕ್ಕಿತು. ಆದರೆ ಹೊರಗಿನವರೆದುರು ಗಂಡನ ಸುಳ್ಳು ಬಯಲು ಮಾಡುವುದು ಹೇಗೆ?

ಇವರು ಕೆಮ್ಮಿದರು. "ನಂದೇನೂ ಇಲ್ರಿ. ಆಕಿ ಅವ್ವ ಕೊಟ್ಟ ಪಾಟ್ಲಿ ಮಾರಿ ಸುರು ಮಾಡ್ಯಾಳ. ಮಾರಿದ ರಸೀದಿನೂ ಅದ."

"ಮತ್ತೇನ್ರಿ! ಅಕ್ಕೋರೇ ಮಾಲಕರು."

ಸಂಜೆ ಇಬ್ಬರೂ ನಾಸಿಕದ ಬಸ್ಸಿನಲ್ಲಿ ಹೊರಟೆವು. ನನಗೆ ಸುಮ್ಮನೆ ಕೂರಲಾಗುತ್ತಿರಲಿಲ್ಲ. ಬೋರ್ಡಿನ ಬಣ್ಣ, ಡಬ್ಬಿಯ ಅಳತೆ, ಇನ್ನೂ ಎಷ್ಟು ಜನ ಹೆಂಗಸರು ಬೇಕು ಎಂದು ಒಂದೇ ಸಮ ಮಾತು. ನಿಫಾಡದ ದ್ರಾಕ್ಷಿ ತೋಟಗಳು ಬರುತ್ತಿದ್ದಂತೆ ಇವರಿಗೆ ಅಣ್ಣನ ಫೋನು. ಅವರದು ಇಡೀ ಬಸ್ಸಿಗೆ ಕೇಳುವ ದನಿ.

"ಏನಪಾ, ನಿನ್ನ ಅಂಗಡಿ ರಿಜಿಸ್ಟರ್ ಆಯ್ತೇನು?"

ಸಲಹೆಗಾರರೆದುರು ಒಪ್ಪುವುದು ಬೇರೆ, ಅಣ್ಣನೆದುರು ಒಪ್ಪುವುದು ಬೇರೆ.

"ನಂದಲ್ಲಣ್ಣಾ, ಆಕಿದು. ರೊಕ್ಕನೂ ಆಕಿದೇ ಇತ್ತು, ನಾ ಸುಳ್ಳ ಹೇಳಿದ್ದೆ. ನಾ ಬರೇ ರೊಟ್ಟಿ ಹೊರಾಂವ."

ನನಗೆ ಕಣ್ಣು ತುಂಬಿ ಬಂತು. ಬಾಯಿ ಸುಮ್ಮನಿರಬೇಕಲ್ಲ.

"ಹೊರೂದಕ್ಕ ಪಗಾರ ಸಿಗಂಗಿಲ್ರಿ," ಎಂದೆ. "ಕೊಟ್ರ ನಿಮ್ಮ ಪಗಾರಕ್ಕ ಕೂಡಿ ಟ್ಯಾಕ್ಸ್ ಬೀಳ್ತದ."