ಮಾವನ ಹೆಸರಿನ ಫೈಲು

ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ತರಬಾರದು. ನಾರಿನ್ ಸೀಮೆಯಲ್ಲಿ ಇದು ಕೂಸಿಗೂ ಗೊತ್ತು. ಆದರೆ ಐಸಾಲ್ಕಿನ್‌ಳ ಹಣೆಬರಹ ನೋಡಿ. ಅವಳ ಮಾವನ ಹೆಸರು ಕೋಜುಬೆಕ್. ಅಲ್ಲಿಯ ಭಾಷೆಯಲ್ಲಿ ಕೋಜು ಅಂದರೆ ಕುರಿಮರಿ, ಹಾಗಾಗಿ ಆ ಮಾತೂ ಅವಳಿಗೆ ವರ್ಜ್ಯ. ಸಿಕ್ಕ ಕೆಲಸವೋ, ಕುರಿಮರಿಗಳಿಗೆ ಆರೋಗ್ಯದ ಚೀಟಿ ಕೊಡುವ ಕಚೇರಿಯಲ್ಲಿ.

ಇಪ್ಪತ್ತಾರು ವರ್ಷ ಅವಳು ಅದನ್ನೂ ನಿಭಾಯಿಸಿದಳು. ಕುರಿಮರಿಯನ್ನು "ಬ್ಯಾ ಅನ್ನೋದು" ಎಂದು ಕರೆದಳು. ವರದಿಯಲ್ಲಿ "ಬ್ಯಾ ಅನ್ನುವವು ಮುನ್ನೂರು" ಎಂದು ಬರೆದು, ಇದು ಯಾವ ಹೊಸ ಪ್ರಾಣಿ ಎಂದು ಮೇಲಿನವರು ಫೋನ್ ಮಾಡಿದ್ದೂ ಉಂಟು. ನಾಲಿಗೆಗೆ ಇರುವ ಕಟ್ಟು ಬೆರಳಿಗೂ ಇದೆ ಎಂಬುದು ಅವಳ ಹಟ. ಇದು ಅತಿಯಾಯಿತು ಎಂದ ಗಂಡ ಚೆನ್ನಾಗಿ ಬೈಸಿಕೊಂಡಿದ್ದ.

ಚೀಟಿ ತಯಾರಿಸುವ ಪ್ರೋಗ್ರಾಮಿನ ಹೆಸರೂ ಕೋಜು. ಹಿಂದೆ ಅಲ್ಲಿದ್ದ ಪುಣ್ಯಾತ್ಮನೊಬ್ಬ ಅವಳಿಗೋಸ್ಕರ ಅದಕ್ಕೆ "ಬ್ಯಾ" ಎಂಬ ಅಡ್ಡಹೆಸರು ಕಟ್ಟಿಕೊಟ್ಟಿದ್ದ. ಕಪ್ಪು ಪರದೆಯಲ್ಲಿ ಅಷ್ಟು ಹೊಡೆದರೆ ಪ್ರೋಗ್ರಾಮು ಎದ್ದು ಬರುತ್ತಿತ್ತು. ಶುಕ್ರವಾರ ಹೊಸ ಕಂಪ್ಯೂಟರ್ ಕೂರಿಸಲು ಬಂದ ಎಂಜಿನಿಯರ್ ಹಳೆಯ ಫೈಲುಗಳನ್ನೆಲ್ಲ ಅದರಲ್ಲಿ ಎಲ್ಲೋ ಸುರಿದು ಹೋದ. ಅಡ್ಡಹೆಸರು ಮಾತ್ರ ಬರಲಿಲ್ಲ.

ಶನಿವಾರ ಬೆಳಿಗ್ಗೆ ಮಾವನೇ ಬಂದು ಎದುರಿಗೆ ಕೂತ. ಮೊಮ್ಮಗಳ ಮದುವೆಗೆಂದು ಹನ್ನೆರಡು ಕುರಿಮರಿ ಕಣಿವೆ ದಾಟಬೇಕು. ಚೀಟಿ ಇಲ್ಲದಿದ್ದರೆ ತನಿಖಾ ಠಾಣೆಯಲ್ಲಿ ಲಾರಿ ತಡೆಯುತ್ತಾರೆ, ಮದುವೆಯ ಊಟಕ್ಕೆ ಮಾಂಸವಿಲ್ಲ. ಹೊರಗೆ ಲಾರಿ ಆಗಲೇ ಗುರ್‌ಗುಟ್ಟುತ್ತಿತ್ತು.

ಐಸಾಲ್ಕಿನ್ ಬ್ಯಾ ಎಂದು ಹೊಡೆದಳು. ಅಂಥ ಆಜ್ಞೆಯೇ ಇಲ್ಲ ಎಂದಿತು ಯಂತ್ರ.

"ಏನಂತೆ?" ಎಂದ ಮುದುಕ.

"ಫೈಲು ಎಲ್ಲಿದೆ ಅಂತ ಹುಡುಕ್ಬೇಕು ಅತಾ. ಹುಡುಕೋಕೆ ಹೆಸರು ಕೇಳತ್ತೆ." ಅತಾ ಅಂದರೆ ಅಪ್ಪ; ಮಾವನನ್ನು ಅವಳು ಕರೆಯುವುದು ಹಾಗೆಯೇ.

"ಕೊಡು ಮತ್ತೆ."

"ಕೊಡೋ ಹಾಗಿಲ್ಲ. ಅದು ನಿಮ್ಮದೇ."

ಹುಡುಕುವ ಆಜ್ಞೆಯಲ್ಲಿ ಒಂದು ಅನುಕೂಲವಿದೆ. ಮೊದಲ ಅಕ್ಷರ ಕೊಟ್ಟು ಮುಂದಿನದಕ್ಕೆಲ್ಲ ಒಂದು ನಕ್ಷತ್ರ ಚಿಹ್ನೆ ಹಾಕಿದರೂ ನಡೆಯುತ್ತದೆ. ಅವಳು ಹಾಗೇ ಮಾಡಿದಳು. ಪರದೆಯ ತುಂಬ ಸಾವಿರದ ನೂರು ಸಾಲು ಉದುರಿದವು.

"ನನ್ನಂಥೋರು ಇಷ್ಟೊಂದು ಜನ ಇದಾರಾ?" ಮುದುಕ ಕನ್ನಡಕ ಏರಿಸಿ, ಪರದೆಗೆ ಬೆರಳಿಟ್ಟು ಒಂದೊಂದೇ ಸಾಲು ಓದಿದ. ಹೊರಗೆ ಡ್ರೈವರ್ ಮೂರು ಸಲ ಹಾರ್ನ್ ಹೊಡೆದ.

"ಇಲ್ಲಿದೀನಿ ನೋಡು," ಎಂದ ಕೊನೆಗೆ. "ಹಳೇ ಸಾಮಾನು ಅಂತ ಒಂದು ಫೋಲ್ಡರು, ಅದರೊಳಗೆ ತುರುಕಿದಾನೆ ನಿಮ್ಮ ಎಂಜಿನಿಯರ್ರು."

"ಬೇಜಾರು ಮಾಡ್ಕೋಬೇಡಿ ಅತಾ."

"ಬೇಜಾರೇನು ಬಂತು? ನಮ್ಮಣ್ಣ ಹೋದ್ಮೇಲೆ ನನ್ನನ್ನ ಹೆಸರು ಹಿಡಿದು ಕರೆಯೋರೇ ಇಲ್ಲ. ಇದಾದ್ರೂ ಬರೆದಿಟ್ಕೊಂಡಿದೆ."

ಆ ಇಡೀ ಸಾಲನ್ನು ಅವನೇ ಒಂಟಿ ಬೆರಳಲ್ಲಿ ಹೊಡೆದ. ಅವಳು ಮುಖ ತಿರುಗಿಸಿ ಕೂತಿದ್ದಳು. ಪ್ರೋಗ್ರಾಮು ಎದ್ದಿತು. ಪ್ರಿಂಟರ್ ಉಸ್ಸಪ್ಪಾ ಎನ್ನುತ್ತ ಚೀಟಿ ಎಳೆಯತೊಡಗಿದಾಗ, ಮುದುಕ ಮರಿಗಳನ್ನು ನೋಡಿ ಬರುತ್ತೇನೆಂದು ಹೊರಗೆ ಹೋದ. ಅವನು ಬಂದದ್ದೇ ತಡ, ಚೀಟಿ ಸಿಕ್ಕಿತೆಂದುಕೊಂಡ ಡ್ರೈವರ್ ಅವನನ್ನು ಹತ್ತಿಸಿಕೊಂಡು ಹೊರಟೇಬಿಟ್ಟ; ಲಾರಿ ತಿರುಗಿಸುತ್ತಿದ್ದಾನೆಂದುಕೊಂಡು ಮುದುಕನೂ ಕೂತ.

ಐಸಾಲ್ಕಿನ್ ಚೀಟಿ ಹಿಡಿದು ಅಂಗಳಕ್ಕೆ ಓಡಿದಳು.

"ಅತಾ! ಅತಾ!"

ಸರದಿಯಲ್ಲಿ ಕೂತಿದ್ದ ಏಳು ಮುದುಕರು ತಿರುಗಿ ನೋಡಿದರು. ಊರಿನ ಮುದುಕರೆಲ್ಲರೂ ಅತಾಗಳೇ. ಬೇಕಾದವನು ಮಾತ್ರ ತಿರುಗಲಿಲ್ಲ, ಲಾರಿ ಗೇಟು ದಾಟುತ್ತಿತ್ತು. ಮೊಮ್ಮಗಳ ಮದುವೆ ಅಂದರೆ ಅವಳ ಮಗಳದೇ ಮದುವೆ. ಅವಳು ಚೀಟಿ ಮೇಲೆತ್ತಿ ಕೂಗಿದಳು.

"ಕೋಜುಬೆಕ್!"

ಏಳು ಮುದುಕರೂ ತಲೆ ತಗ್ಗಿಸಿದರು. ಲಾರಿ ನಿಂತಿತು. ಬಾಗಿಲು ತೆರೆದು ಮುದುಕ, "ಓ, ಬಂದೆ," ಎಂದು ಓಗೊಟ್ಟು ಇಳಿದ. ಬಳಿಗೆ ಬಂದು ಚೀಟಿ ಇಸಿದುಕೊಂಡು ಟೋಪಿಯೊಳಗೆ ಸಿಕ್ಕಿಸಿದ. ಅವಳು ನೆಲ ನೋಡುತ್ತ ನಿಂತಿದ್ದಳು.

"ತಪ್ಪಾಯ್ತು ಅತಾ."

ಮುದುಕ ಮತ್ತೆ ಹೋಗಿ ಲಾರಿ ಹತ್ತಿದ. ಬಾಗಿಲು ಮಾತ್ರ ಹಾಕಿಕೊಳ್ಳಲಿಲ್ಲ.

"ಎಂಜಿನ್ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ," ಎಂದ. "ಇನ್ನೊಂದ್ಸಲ ಕರಿ."