ಜರ್ಮನ್ ಕಾರಿಗೆ ಅತ್ತೆ ಕೊಟ್ಟ ನೀರು

ಎಪ್ಪತ್ತರ ದಶಕದ ಒಂದು ಬೇಸಿಗೆ. ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ನನ್ನ ಗಂಡನ ಗ್ಯಾರೇಜು, ಹಿಂದೆಯೇ ನಮ್ಮ ಮನೆ. ಲಾರಿ, ಬಸ್ಸು ಬಿಟ್ಟರೆ ಬೇರೆ ಕಂಡಿರದ ಅಂಗಳಕ್ಕೆ ಬೆಂಗಳೂರಿನಿಂದ ಎರಡು ವಿಲಾಯತಿ ಕಾರು ಬಂದು ನಿಂತವು. ಇಂಗ್ಲಿಷ್ ಕಾರಿಗೆ ಉದ್ದ ಮೂತಿ, ಸೈಕಲ್ಲಿನಂತೆ ಕಡ್ಡಿಯ ಚಕ್ರ, ತಲೆ ಮೇಲೆ ಚಾವಣಿಯೇ ಇಲ್ಲ. ಮೂತಿಯಿಂದ ಹಬೆ ಬುಸುಗುಡುತ್ತಿತ್ತು. ಜರ್ಮನ್ ಕಾರು ಆಮೆಯ ಹಾಗೆ ಗುಂಡಗೆ, ಒಂದು ತೊಟ್ಟು ಎಣ್ಣೆ ಸೋರಿರಲಿಲ್ಲ.

ಜರ್ಮನ್ ಕಾರಿನಲ್ಲಿ ಗಂಡ ಹೆಂಡತಿ, ಇಂಗ್ಲಿಷ್ ಕಾರಿನಲ್ಲಿ ಆಕೆಯ ತಮ್ಮ. ದಾವಣಗೆರೆಯಲ್ಲಿದ್ದ ಮಗಳಿಗೆ ತವರಿಗೆ ಕರೆತರುವ ಮೊದಲೇ ಹೆರಿಗೆ ನೋವು ಬಂದು, ಸ್ಥಿತಿ ಚೆನ್ನಾಗಿಲ್ಲ ಎಂದು ಟ್ರಂಕ್ ಕಾಲ್ ಬಂದಿತ್ತಂತೆ. ಅಂಥ ಹೊತ್ತಿನಲ್ಲೂ ಈ ಗಂಡಸರದು ಕಾರಿನ ಜಗಳವೇ ನೋಡಿ! ಬಾನೆಟ್ ಎತ್ತಿದರೆ ಯಾವ ಮೇಸ್ತ್ರಿಗಾದರೂ ಅರ್ಥವಾಗಬೇಕು, ಅದು ಕಾರು ಎಂದು ತಮ್ಮ. ಬಾನೆಟ್ ಎತ್ತುವ ಪ್ರಮೇಯವೇ ಬರಬಾರದು, ಅದು ಕಾರು ಎಂದು ಭಾವ. ಹೆದರಿಕೆ ಮುಚ್ಚಿಕೊಳ್ಳಲು ಆಡುತ್ತಿದ್ದ ಮಾತು ಎಂದು ನನಗೆ ಆಮೇಲೆ ಹೊಳೆಯಿತು. ಆಕೆ ಮಾತ್ರ ದಾವಣಗೆರೆಯ ದಾರಿಯನ್ನೇ ನೋಡುತ್ತ ನಿಂತಿದ್ದರು.

ನನ್ನ ಅತ್ತೆ ಕುರಿ ಸಾಕಿದ ಮನೆಯವರು. ಬಿಸಿಲಿನಿಂದ ಹಿಂಡು ಬಂದರೆ ಮೊದಲು ಕುರಿಗೆ ನೀರು, ಆಮೇಲೆ ಮನುಷ್ಯರಿಗೆ. ಗ್ಯಾರೇಜಿಗೆ ಬಂದ ಲಾರಿಗೂ ಅದೇ ಮರ್ಯಾದೆ. ಎಂಜಿನ್ ಆರಿದ ಮೇಲೆ ನೀರಿನ ಮುಚ್ಚಳ ಬಿಚ್ಚಿ ತಾವೇ ಕೊಡ ಬಗ್ಗಿಸುತ್ತಿದ್ದರು. ನನ್ನ ಗಂಡ ಇಂಗ್ಲಿಷ್ ಕಾರಿನ ಒಡೆದ ನೀರಿನ ಪೈಪಿಗೆ ರಬ್ಬರ್ ಸುತ್ತುತ್ತಿದ್ದಾಗ ಭಾವ ಚೀಲ ತೆಗೆಯಲೆಂದು ಜರ್ಮನ್ ಕಾರಿನ ಮುಂಭಾಗ ತೆರೆದು, ಹಾಗೇ ಬಿಟ್ಟು ಒಳಗೆ ಬಂದರು. ಆ ಕಾರಿಗೆ ಎಂಜಿನ್ ಹಿಂದೆ, ಅದಕ್ಕೆ ನೀರೇ ಬೇಡ, ಮುಂದಿರುವುದು ಪೆಟ್ರೋಲ್ ಟ್ಯಾಂಕು ಎಂದು ನಮಗೇನು ಗೊತ್ತು? ನಶ್ಯ ಏರಿಸಿ ಏರಿಸಿ ಅತ್ತೆಯ ಮೂಗಿಗೆ ವಾಸನೆಯೇ ಹತ್ತುತ್ತಿರಲಿಲ್ಲ.

"ಪಾಪ, ಎಷ್ಟು ದೂರದಿಂದ ಬಂದೈತೋ" ಎನ್ನುತ್ತ ಅದರ ಮುಚ್ಚಳ ಬಿಚ್ಚಿ ಅರ್ಧ ಕೊಡ ನೀರು ಸುರಿದರು.

ಪೈಪು ಸರಿಯಾಗಿ ಎರಡೂ ಕಾರು ಹೊರಟವು. ಜರ್ಮನ್ ಕಾರು ರಸ್ತೆ ಮುಟ್ಟುವಷ್ಟರಲ್ಲಿ ಕೆಮ್ಮಿ ನಿಂತಿತು. ಟ್ಯಾಂಕ್ ಇಳಿಸಿ ತೊಳೆಯಲು ನಾಳೆಯಾಗುತ್ತದೆ ಎಂದ ನನ್ನ ಗಂಡ ತಾಯಿಯ ಮುಖ ನೋಡಲಿಲ್ಲ. ಇಂಗ್ಲಿಷ್ ಕಾರಿನಲ್ಲಿ ಇರುವುದೇ ಎರಡು ಸೀಟು. ತಮ್ಮ ಅಕ್ಕನನ್ನು ಕೂರಿಸಿಕೊಂಡು ಹೊರಡುತ್ತಾರೆಂದೇ ಎಲ್ಲರೂ ಅಂದುಕೊಂಡೆವು. ಆ ಮನುಷ್ಯ ತಮ್ಮ ಸ್ಟೇರಿಂಗನ್ನು ಯಾರಿಗೂ ಮುಟ್ಟಿಸಿದವರಲ್ಲವಂತೆ. ಅಂಥವರು ಕೀಲಿ ತೆಗೆದು ಭಾವನ ಕೈಗಿಟ್ಟರು.

"ಅವಳು ಕಣ್ಣು ಬಿಟ್ರೆ ಮೊದಲು ಅಪ್ಪನ್ನೇ ಹುಡುಕ್ತಾಳೆ ಭಾವ. ನೀವು ಹೋಗಿ."

ಗಂಡ ಹೆಂಡತಿ ಹೋದ ಮೇಲೆ ಅತ್ತೆ ಅನ್ನ ನೀರು ಮುಟ್ಟಲಿಲ್ಲ. ತಮ್ಮ ನನ್ನ ಗಂಡನ ಜೊತೆ ಟ್ಯಾಂಕ್ ಇಳಿಸಲು ಕೈ ಹಾಕಿದರು. ಈ ಕಾರಿನದು ಎಂಥ ಅಚ್ಚುಕಟ್ಟು ಕೆಲಸ, ಒಂದು ಬೋಲ್ಟಿಗೂ ತುಕ್ಕಿಲ್ಲ, ನಾನು ಹೊಗಳಿದ್ದು ಭಾವನಿಗೆ ಮಾತ್ರ ಹೇಳಬೇಡಿ ಎಂದು ಅತ್ತೆಯನ್ನು ನಗಿಸಲು ನೋಡಿದರು. ಅತ್ತೆ ನಗಲಿಲ್ಲ.

ಮರುದಿನ ಮಧ್ಯಾಹ್ನ ಭಾವ ಇಂಗ್ಲಿಷ್ ಕಾರಿನಲ್ಲಿ ಬಂದರು. ಇಳಿದವರೇ ಭಾವಮೈದನ ಭುಜ ಹಿಡಿದುಕೊಂಡು ಅತ್ತುಬಿಟ್ಟರು. ಹೆರಿಗೆಯಲ್ಲಿ ಮಗಳಿಗೆ ತುಂಬ ರಕ್ತ ಹೋಗಿತ್ತಂತೆ. ಅಳಿಯನ ರಕ್ತ ಹೊಂದಲಿಲ್ಲ, ತಾಯಿಯದೂ ಹೊಂದಲಿಲ್ಲ.

"ನನ್ನದು ಹೊಂದಿತು ಕಣೋ. ತಾಯಿ ಮಗು ಇಬ್ಬರೂ ಉಳಿದರು."

ಅತ್ತೆ ಬಾಗಿಲ ಮರೆಯಿಂದ ಬಂದು ತಪ್ಪಾಯಿತೆಂದು ಕೈಮುಗಿಯಹೋದರು. ಅವರು ಬಿಡಲಿಲ್ಲ, ನಿನ್ನೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲಮ್ಮ, ಮುದ್ದೆ ಇದ್ದರೆ ಹಾಕಿ ಎಂದು ಜಗಲಿಯ ಮೇಲೆ ಕೂತರು. ಅತ್ತೆ ಬಡಿಸಿ, ತಾವೂ ಒಂದು ತಟ್ಟೆ ತಂದುಕೊಂಡು ಅವರ ಎದುರಿಗೇ ಕೂತು ಉಂಡರು.